ಬಯೋಡಾಟಾಕ್ಕೆ ಒಂದು ವಿಳಾಸ

ಕಾನೂನು ಓದಿನ ಕೊನೆಯ ವರ್ಷ ನಾನು ಯಾದಗಿರಿಯ ಸ್ಟೇಶನ್ ಏರಿಯಾದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದೆ. ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹತ್ತಿ ಗುಲಬರ್ಗಾದ ಕಾಲೇಜಿಗೆ ಹೋಗುವುದು, ಸಂಜೆ ಅದೇ ದಾರಿಯಲ್ಲಿ ಮರಳುವುದು. ಯಾದಗಿರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ನಮ್ಮೂರು ಶಹಾಪುರ ತಾಲೂಕಿನಲ್ಲಿ, ಶಿರವಾಳದ ಕಡೆ. ಅಪ್ಪ ಅಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಕಾಲುವೆ ಬಂದ ಮೇಲೆ ಮೇಲಿನ ಊರುಗಳಲ್ಲಿ ಜೋಳ ಹೋಗಿ ಭತ್ತ ಬಂದಿತ್ತು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದಿದ್ದವು, ಹೊಲದ ಬದುವಿನ ಮೇಲೆ ಮೋಟಾರ್ ಸೈಕಲ್ಲುಗಳು ನಿಲ್ಲತೊಡಗಿದ್ದವು. ನಮ್ಮೂರು ಕಾಲುವೆಯ ಬಾಲದಲ್ಲಿತ್ತು. ನೀರು ನಮ್ಮ ತನಕ ಬರುತ್ತದೆ ಎನ್ನುವುದು ಕಾಗದದಲ್ಲಿತ್ತು, ತೂಬಿನಲ್ಲಿ ಇರಲಿಲ್ಲ.

ಕಾಲೇಜಿನಲ್ಲಿ ನಮಗೆ ಸಿವಿಲ್ ಪ್ರಕ್ರಿಯಾ ಸಂಹಿತೆ ಕಲಿಸುತ್ತಿದ್ದ ಮೇಷ್ಟ್ರು ಒಂದು ದಿನ ನನ್ನನ್ನು ಕರೆದು, ಸುರಪುರದಲ್ಲಿ ತಮಗೆ ಗುರುತಿನ ಹಿರಿಯ ವಕೀಲರೊಬ್ಬರು ಇದ್ದಾರೆ, ಕಾಲುವೆ ಕೇಸುಗಳಿಂದ ಅವರ ದಫ್ತರ ತುಂಬಿ ಹೋಗಿದೆ, ಪರೀಕ್ಷೆ ಮುಗಿಸಿದವರೊಬ್ಬರು ಕೆಲಸಕ್ಕೆ ಬೇಕಂತೆ ಎಂದರು. ಕನ್ನಡ ಕಾಗದ ಓದಬಲ್ಲ, ಹಳೆಯ ಉರ್ದು ಪಹಣಿಯ ನಕಲು ಕಂಡು ಗಾಬರಿಯಾಗದ ವಿದ್ಯಾರ್ಥಿ ಆದರೆ ಒಳ್ಳೆಯದು ಎಂದಿದ್ದರಂತೆ. ಬಯೋಡಾಟಾ ಕಳಿಸು ಎಂದರು. ನನ್ನನ್ನೇ ಏಕೆ ಕರೆದರು ಎಂದು ಆ ದಿನವೆಲ್ಲ ಯೋಚಿಸಿದೆ. ಒಳ್ಳೆಯ ಸುದ್ದಿ ಬಂದರೆ ಅದರ ಹಿಂದೆ ಏನಿದೆ ಎಂದು ನೋಡುವುದು ನನಗೆ ಅಷ್ಟರಲ್ಲಿ ಅಭ್ಯಾಸವಾಗಿತ್ತು.

ಸ್ಟೇಶನ್ ಎದುರಿನ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡುವವನು ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಎಲ್ಲ ಹಾಕಿ, ಖಾಯಂ ವಿಳಾಸ ಏನು ಹಾಕಲಿ ಎಂದು ಕೇಳಿ ಕೀಬೋರ್ಡಿನ ಮೇಲೆ ಕೈ ಇಟ್ಟುಕೊಂಡು ಕೂತ. ನಾನು ಬಾಯಿ ತೆರೆದು ಮುಚ್ಚಿದೆ. ನನ್ನ ಹಿಂದೆ ಇನ್ನೂ ಜನ ನಿಂತಿದ್ದರು. ನಮ್ಮ ಓಣಿಗೆ ಹಿರಿಯರು ಇಟ್ಟ ಹೊಸ ಹೆಸರು ನೀಲಿ ಬೋರ್ಡಿನ ಮೇಲಿದೆ. ಆ ಹೆಸರಿನ ಓಣಿ ನಮ್ಮ ಸೀಮೆಯ ಯಾವ ಊರಲ್ಲಿದ್ದರೂ ಊರಿನ ಯಾವ ದಿಕ್ಕಿಗಿರುತ್ತದೆ, ಅಲ್ಲಿ ಯಾರಿರುತ್ತಾರೆ ಎನ್ನುವುದು ಕೇಳಿದವರಿಗೆಲ್ಲ ಗೊತ್ತು. ವಿಳಾಸ ಹೇಳಿದರೆ ಮುಂದಿನ ಪ್ರಶ್ನೆಯನ್ನೇ ಯಾರೂ ಕೇಳುವುದಿಲ್ಲ. ಅಪ್ಪ ಬೌದ್ಧರಾದ ಮೇಲೂ ಬೋರ್ಡು ಹೇಳುವುದನ್ನೇ ಜನ ಓದುತ್ತಿದ್ದರು. ಆ ಜಾಗ ಖಾಲಿ ಬಿಡು, ನಾಳೆ ಹೇಳುತ್ತೇನೆ ಎಂದೆ. ಅವನು ತಲೆ ಎತ್ತಿ ನೋಡಿದ. ವಿಳಾಸ ಗೊತ್ತಿಲ್ಲದವಳನ್ನು ಅವನು ಅದೇ ಮೊದಲು ಕಂಡಿರಬೇಕು.

ಮೊದಲು ನೆನಪಾದದ್ದು ನಾನಿದ್ದ ಕೋಣೆಯದೇ ವಿಳಾಸ. ಮನೆಯ ಮಾಲಕರು ರೈಲ್ವೆಯಿಂದ ನಿವೃತ್ತರಾದವರು, ಒಳ್ಳೆಯ ಮನುಷ್ಯ. ಕೋಣೆ ಕೊಡುವಾಗ ಅಪ್ಪ ಮಾಸ್ತರ ಎಂದು ತಿಳಿದು ಬೇರೇನನ್ನೂ ಕೇಳಿರಲಿಲ್ಲ. ಕೇಳಲಿಲ್ಲವೋ, ತಿಳಿದೇ ಸುಮ್ಮನಿದ್ದರೋ ನನಗೆ ಅಂದಾಜಾಗಿರಲಿಲ್ಲ. ಸಂಜೆ ಅವರು ಅಂಗಳದಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದಾಗ, ಒಂದು ಕಾಗದದಲ್ಲಿ ಈ ಮನೆಯ ವಿಳಾಸ ಬರೆದುಕೊಳ್ಳಲೇ ಎಂದು ಕೇಳಿದೆ. ಅವರು ನೀರಿನ ಚೊಂಬು ಕೆಳಗಿಟ್ಟರು.

"ನೀ ಕಾಯ್ದೆ ಓದಾಕತ್ತಾಕಿ. ಇವತ್ತು ಖಾಯಂ ಅಂತ ಬರಸ್ತಿ, ನಾಳೆ ಖಾಯಂ ಆಗೇ ಕೂಡ್ತಿ. ತಪ್ಪು ತಿಳೀಬ್ಯಾಡವ್ವ, ಬ್ಯಾರೆ ಯಾರರ ಆಗಿದ್ರ ಬರಕೋ ಅಂತಿದ್ದೆ."

ಬಾಡಿಗೆದಾರ ವಕೀಲನನ್ನು ಮನೆಯಿಂದ ಎಬ್ಬಿಸಲು ಆಗದೆ ಒದ್ದಾಡಿದ ತಮ್ಮ ಷಡ್ಡಕನ ಕತೆಯನ್ನೂ ಹೇಳಿದರು. ಕತೆ ನಿಜವೇ ಇರಬಹುದು. ಆದರೆ ಅಂದಿನಿಂದ ನನಗೆ ಬರುವ ಪತ್ರಗಳನ್ನು ಅವರು ಮೊದಲು ತಾವೇ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ ಕೊಡತೊಡಗಿದರು. ಅಪ್ಪ ಬರೆದ ಕಾರ್ಡಿನಲ್ಲಿ ಕಳಿಸಿದವರ ವಿಳಾಸ ಇದ್ದೇ ಇರುತ್ತಿತ್ತು. ಅದನ್ನು ಓದುವಾಗ ಅವರ ಮುಖದಲ್ಲಿ ಏನಾದರೂ ಬದಲಾಗುತ್ತದೆಯೇ ಎಂದು ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವರು ನನ್ನ ಪತ್ರವನ್ನು ಕಾಯುತ್ತಿದ್ದರು, ನಾನು ಅವರ ಮುಖವನ್ನು.

ಉಳಿದದ್ದು ಸುರಪುರದ ಚಿಕ್ಕವ್ವನ ಮನೆ. ವಕೀಲರ ದಫ್ತರವೂ ಅದೇ ಊರಿನಲ್ಲಿ, ಅದಕ್ಕಿಂತ ಒಳ್ಳೆಯ ವಿಳಾಸ ಯಾವುದಿದ್ದೀತು ಎಂದುಕೊಂಡು ಒಂದು ಭಾನುವಾರ ಬಸ್ ಹತ್ತಿದೆ. ಚಿಕ್ಕಪ್ಪ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಅವರು ಬಾಡಿಗೆಗಿದ್ದ ಓಣಿ ಗುಡ್ಡದ ಬುಡದಲ್ಲಿ, ಮೇಲಿನವರು ಅನ್ನಿಸಿಕೊಂಡವರ ಮನೆಗಳ ನಡುವೆ. ಮನೆ ಹಿಡಿಯುವಾಗ ಅವರು ಯಾರೆಂದು ಹೇಳಿರಲಿಲ್ಲ, ಸುಳ್ಳನ್ನೂ ಹೇಳಿರಲಿಲ್ಲ. ಬುದ್ಧನ ಪಟ ಅಡುಗೆಮನೆಯ ಒಳಗೋಡೆಯ ಮೇಲಿತ್ತು. ನಾವು ಹೋದರೆ ಚಿಕ್ಕವ್ವ ಬಾಗಿಲಲ್ಲಿ ಮಾತಿಗೆ ನಿಲ್ಲಿಸದೆ ಬೇಗ ಒಳಗೆ ಕರೆದುಕೊಳ್ಳುತ್ತಿದ್ದಳು. ಅದನ್ನು ನಾನು ಬಹಳ ದಿನ ಪ್ರೀತಿ ಎಂದೇ ತಿಳಿದಿದ್ದೆ. ಪ್ರೀತಿಯೂ ಹೌದು.

ಊಟ ಆದ ಮೇಲೆ ವಿಷಯ ತೆಗೆದೆ. ಚಿಕ್ಕವ್ವ ತಟ್ಟೆ ಎತ್ತುತ್ತಿದ್ದವಳು ಗಂಡನ ಕಡೆ ನೋಡಿದಳು. ಚಿಕ್ಕಪ್ಪ ಎದ್ದು ಹೋಗಿ ಬೀದಿಯ ಕಿಟಕಿ ಮುಚ್ಚಿ ಬಂದು ಕೂತರು. ವಕೀಲರ ಮಂದಿ ಸುಮ್ಮನಿರುವುದಿಲ್ಲ, ಈ ಹುಡುಗಿ ಯಾರ ಪೈಕಿ ಎಂದು ಬಂದು ಕೇಳುತ್ತಾರೆ, ಕೇಳುವುದು ನಮ್ಮನ್ನಲ್ಲ, ಬಾಜು ಮನೆಯವರನ್ನು ಎಂದರು. ಬಾಜು ಮನೆಯವರು ತಮಗೆ ಗೊತ್ತಿಲ್ಲ ಎನ್ನುತ್ತಾರೆ. ಆಮೇಲೆ ಗೊತ್ತುಮಾಡಿಕೊಳ್ಳಲು ಹೊರಡುತ್ತಾರೆ.

"ನಾ ಇದೇ ಆಫೀಸಿನಾಗ ಇನ್ನೂ ಭಾಳ ವರ್ಷ ಕೂಡಬೇಕು," ಎಂದರು. "ನೀ ವಕೀಲಕಿ ಆಗು, ನಮಗ ಖುಷಿ. ಖರೆ ನಮ್ಮನಿ ಮ್ಯಾಲಿಂದ ಹಾದು ಹೋಗಬ್ಯಾಡ."

ಹೊರಡುವಾಗ ಚಿಕ್ಕವ್ವ ನನ್ನ ಕೈಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ ಇಟ್ಟು, ಬಸ್‌ಸ್ಟ್ಯಾಂಡಿನ ತನಕ ಬರುತ್ತೇನೆ ಎಂದವಳು ಓಣಿಯ ತಿರುವಿನಲ್ಲೇ ನಿಂತುಬಿಟ್ಟಳು.

ಮರಳುವಾಗ ಶಹಾಪುರದಲ್ಲಿ ಇಳಿದು ಊರಿಗೆ ಹೋದೆ. ಅಪ್ಪನಿಗೆ ಎರಡು ಮನೆಯ ಕತೆಯನ್ನೂ ಹೇಳಿದೆ. ಅವರಿಗೆ ಸಿಟ್ಟು ಬರಬಹುದು ಎಂದುಕೊಂಡಿದ್ದೆ, ಬರಲಿಲ್ಲ. ಷಡ್ಡಕನ ಕತೆ ಕೇಳಿ ನಕ್ಕರು. ಚಿಕ್ಕಪ್ಪ ಹೇಳಿದ್ದು ಸರಿ, ಅವನ ಜಾಗದಲ್ಲಿ ತಾನಿದ್ದರೂ ಹಾಗೇ ಹೇಳುತ್ತಿದ್ದೆ ಎಂದರು. ಆಮೇಲೆ, ನಮ್ಮನೆಗೆ ಬಾಗಿಲಿದೆ, ಬಾಗಿಲಿಗೆ ನಂಬರಿದೆ, ಪೋಸ್ಟಿನವನಿಗೆ ದಾರಿ ಗೊತ್ತಿದೆ, ಮತ್ತೆ ಇನ್ನೊಬ್ಬರ ಮನೆಯ ವಿಳಾಸ ಏತಕ್ಕೆ ಎಂದು ಕೇಳಿದರು. ನಾನು ಜಗಳಕ್ಕೆ ಬಿದ್ದೆ. ನೀವು ಶಾಲೆಯ ಗೋಡೆಯೊಳಗೆ ಇದ್ದವರು, ಹೊರಗೆ ಒಂದು ಸಾಲು ಓದಿ ಕಾಗದವನ್ನು ಬದಿಗೆ ಸರಿಸುವವರನ್ನು ನೀವು ಕಂಡಿಲ್ಲ ಎಂದೆ. ಅಪ್ಪ ಶಾಲೆಯ ಗೋಡೆಯೊಳಗೇ ಏನೇನು ಕಂಡಿದ್ದರೋ, ಅದನ್ನು ಅವರು ನನಗೆ ಯಾವತ್ತೂ ಹೇಳಲಿಲ್ಲ.

ಕೊನೆಗೆ ನಾನು ಊರಿನ ವಿಳಾಸವನ್ನೇ ಹಾಕಿಸಿದೆ. ಧೈರ್ಯ ಬಂದು ಹಾಕಿಸಿದ್ದಲ್ಲ. ಬೇರೆ ಎರಡು ಬಾಗಿಲೂ ಮುಚ್ಚಿದ್ದವು. ಜೊತೆಗೆ ಕಾಯ್ದೆ ಓದಿದ ತಲೆ ಇನ್ನೊಂದು ಮಾತು ಹೇಳುತ್ತಿತ್ತು: ಯಾವುದೋ ಮನೆಯ ವಿಳಾಸ ಕೊಟ್ಟು ಆಮೇಲೆ ಸಿಕ್ಕಿಬಿದ್ದರೆ, ಜಾತಿಯ ಮಾತೇ ಎತ್ತದೆ, ಸಂಗತಿ ಮುಚ್ಚಿಟ್ಟಳು ಎಂದು ಹೊರಗೆ ಹಾಕಬಹುದು. ಅವರ ಕೈಗೆ ಅಷ್ಟು ಒಳ್ಳೆಯ ಕಾರಣ ಕೊಡಲು ನನಗೆ ಮನಸ್ಸಿರಲಿಲ್ಲ. ಓಣಿಯ ಹೆಸರು, ಅಂಚೆ, ತಾಲೂಕು, ಜಿಲ್ಲೆ, ಒಂದನ್ನೂ ಬಿಡದೆ ಟೈಪ್ ಮಾಡಿಸಿ ಸುರಪುರಕ್ಕೆ ಕಳಿಸಿದೆ.

ಬಹಳ ದಿನ ಉತ್ತರ ಬರಲಿಲ್ಲ. ಇಷ್ಟೇ ಎಂದುಕೊಂಡು ಪರೀಕ್ಷೆಗೆ ಕೂತೆ. ಪರೀಕ್ಷೆ ಮುಗಿಯುವ ಹೊತ್ತಿಗೆ ಅಪ್ಪ ಬಂದರು. ಊರಿಗೆ ಯಾರೋ ಮೋಟಾರ್ ಸೈಕಲ್ ಮೇಲೆ ಬಂದು ನನ್ನ ಬಗ್ಗೆ ಕೇಳಿ ಹೋದರಂತೆ. ಮೊದಲು ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ, ಆಮೇಲೆ ನಮ್ಮ ಓಣಿಯ ಮುಂದೆ ಗಾಡಿ ನಿಲ್ಲಿಸಿ. ಇಳಿದಿರಲಿಲ್ಲ. ಮಾಸ್ತರರ ಮನೆ ಯಾವುದು, ಅವರಿಗೆ ಹೊಲ ಎಷ್ಟು, ಅವರ ಬಳಿ ಯಾರು ಯಾರು ಬಂದು ಕೂಡುತ್ತಾರೆ ಎಂದು ಕೇಳಿದ್ದಾನೆ. ಮನೆಗೆ ಬಂದು ನೀರು ಕುಡಿ ಎಂದು ಅವ್ವ ಕರೆದದ್ದಕ್ಕೆ ಹೊತ್ತಾಗುತ್ತದೆ ಎಂದು ಹೊರಟುಹೋದನಂತೆ. ಅವ್ವನಿಗೆ ಅದೇ ಮನಸ್ಸಿಗೆ ಹತ್ತಿತ್ತು. ಅಪ್ಪ ಮಾತ್ರ, ಅವನು ಹೊಲದ ವಿಷಯ ಯಾಕೆ ಕೇಳಿದ ಎಂದು ಯೋಚಿಸುತ್ತಿದ್ದರು. ಅದರಲ್ಲಿ ಯೋಚಿಸುವಂಥದ್ದು ನನಗೆ ಏನೂ ಕಾಣಲಿಲ್ಲ. ಗಾಡಿಯಿಂದ ಇಳಿಯದವನು ಯಾಕೆ ಬಂದಿದ್ದ ಎಂದು ನನಗೆ ಗೊತ್ತಿತ್ತು.

ಅದಾದ ವಾರದೊಳಗೆ ಕರೆ ಬಂತು. ಬಂದು ಭೇಟಿಯಾಗು ಎಂದು ಕಾರ್ಡಿನಲ್ಲಿ ಒಂದೇ ಸಾಲು.

ದಫ್ತರ ಕೋರ್ಟಿನ ಹತ್ತಿರದ ಹಳೆಯ ಕಲ್ಲಿನ ಮನೆಯಲ್ಲಿತ್ತು. ವಕೀಲರು ವಯಸ್ಸಾದವರು, ತೆಳ್ಳಗೆ, ಕನ್ನಡಕವನ್ನು ಹಣೆಯ ಮೇಲೇರಿಸಿ ಓದುವವರು. ಅವರ ಕಾರಕೂನ ನನಗೆ ಸ್ಟೀಲಿನ ಲೋಟದಲ್ಲಿ ನೀರು ತಂದುಕೊಟ್ಟ. ಅವನು ನನ್ನ ಕಣ್ಣು ತಪ್ಪಿಸಿದ್ದು ಕಂಡು, ಊರಿಗೆ ಬಂದಿದ್ದವನು ಇವನೇ ಇರಬೇಕು ಅನ್ನಿಸಿತು. ವಕೀಲರ ಮೇಜಿನ ಮೇಲೆ ಗಾಜಿನ ಲೋಟ. ಕಕ್ಷಿದಾರರಿಗೂ ಸ್ಟೀಲಿನದೇ ಕೊಡುತ್ತಾರೋ, ನನಗೊಬ್ಬಳಿಗೇನೋ ಎಂದು ಸುತ್ತ ನೋಡಿದೆ. ಆ ಹೊತ್ತಿಗೆ ಬೇರೆ ಯಾರೂ ಇರಲಿಲ್ಲ. ಕುಡಿದು ಕೆಳಗಿಟ್ಟ ಲೋಟವನ್ನು ಅವನು ಎಲ್ಲಿಗೆ ಒಯ್ಯುತ್ತಾನೆ ಎಂದು ನೋಡುತ್ತಿದ್ದಾಗಲೇ ವಕೀಲರು ಮಾತು ಶುರುಮಾಡಿದರು.

ಅವರು ಬಯೋಡಾಟಾದ ವಿಳಾಸದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ನನಗೆ ಅಷ್ಟು ಸಾಕಾಗಿತ್ತು. ಎದ್ದು ಹೋಗಲು ಚೀಲದ ಹಿಡಿಕೆಗೆ ಕೈ ಹಾಕಿದ್ದೆ.

"ನಿಮ್ಮೂರು ಟೇಲ್‌ನಾಗ ಬರ್ತದ ಅಲ್ಲ?" ಎಂದರು.

ಹೌದು ಎಂದೆ.

ಅವರು ಹಿಂದಿನ ಕಪಾಟಿನಿಂದ ಒಂದು ದಪ್ಪ ಫೈಲ್ ತೆಗೆಸಿದರು. ಮೇಲಿನ ಊರಿನವರು ಕಾಲುವೆಗೆ ಪಂಪು ಇಟ್ಟು ನೀರು ಎತ್ತುತ್ತಾರೆ, ನಮಗೆ ಹನಿಯೂ ತಲುಪುವುದಿಲ್ಲ ಎಂದು ಬಾಲದ ಊರುಗಳವರು ಹಾಕಿದ ದಾವೆ. ಅದು ನನಗೆ ಗೊತ್ತಿತ್ತು. ಮೇಲಿನವರ ಪರವಾಗಿ ನಿಂತ ವಕೀಲರು ಇವರೇ ಎನ್ನುವುದು ಗೊತ್ತಿರಲಿಲ್ಲ. ನಮ್ಮೂರಿನಲ್ಲಿ ಹೊಲ ಇದ್ದವರಲ್ಲಿ ಮುಕ್ಕಾಲು ಮಂದಿ ಸಹಿ ಹಾಕಿದ್ದರು. ವಕೀಲರು ಆ ಹಾಳೆಯ ಮೇಲೆ ಬೆರಳಾಡಿಸುತ್ತ, ಇದರಲ್ಲಿ ನಿಮ್ಮ ತಂದೆಯ ಸಹಿ ಯಾಕಿಲ್ಲ ಎಂದು ಕೇಳಿದರು. ಅವರು ಸರ್ಕಾರಿ ನೌಕರರು, ದಾವೆಗೆ ಸಹಿ ಹಾಕಲು ಹಿಂಜರಿದರು ಎಂದೆ.

"ಸಹಿ ಬದಲಿ ಮಗಳನ್ನ ಕಳಸ್ಯಾರೇನು?"

ಮೊದಲು ನನಗೆ ಅರ್ಥವೇ ಆಗಲಿಲ್ಲ. ಅರ್ಥವಾದಾಗ ನಗು ಬರುವಂತಾಯಿತು, ಬಂದದ್ದು ಸಿಟ್ಟು. ಅವರ ಫೈಲ್ ನೋಡಲು ಊರಿನವರು ನನ್ನನ್ನು ಕಳಿಸಿದ್ದಾರೆ ಎಂದು ಈ ಮನುಷ್ಯ ಯೋಚಿಸುತ್ತಿದ್ದಾರೆ. ಅಥವಾ ಹಾಗೆ ಯೋಚಿಸಿದಂತೆ ತೋರಿಸಿ, ಮನಸ್ಸಿನಲ್ಲಿರುವ ಇನ್ನೊಂದು ಕಾರಣವನ್ನು ಮರೆಮಾಡುತ್ತಿದ್ದಾರೆ. ಕಾಲುವೆಯ ನೆಪ ನನ್ನಂಥವಳನ್ನು ಹೊರಗಿಡಲು ಎಷ್ಟು ಸಲೀಸು ಎಂದು ನನಗೆ ಅಲ್ಲಿ ಕೂತಲ್ಲೇ ಹೊಳೆಯಿತು.

"ಗಾಡಿ ಮ್ಯಾಲಿಂದ ಇಳೀಲಾರದ ಕೇಳಿ ಹೋದವ್ರಿಗೆ ಹೊಲದ್ದಷ್ಟೇ ಬೇಕಿತ್ತೇನ್ರಿ?" ಎಂದುಬಿಟ್ಟೆ.

ಬಾಗಿಲಲ್ಲಿದ್ದ ಕಾರಕೂನ ನೆಲ ನೋಡಿದ. ವಕೀಲರು ಅವನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ಕನ್ನಡಕ ಕೆಳಗಿಳಿಸಿದರು. ನಾನು ಏನು ಕೇಳಿದೆ ಎನ್ನುವುದು ಅವರಿಗೆ ತಿಳಿದಿತ್ತು. ಆದರೂ ಸುರಪುರದಲ್ಲಿ ಬಂಧು ಬಳಗ ಯಾರೂ ಇಲ್ಲವೇ ಎಂದು ಕೇಳಿದರು. ಇಲ್ಲಿಯ ವಿಳಾಸ ಹಾಕಿ ಇನ್ನೊಂದು ಪ್ರತಿ ಕೊಟ್ಟರೆ ಕಕ್ಷಿದಾರರು ಕೇಳಿದಾಗ ತೋರಿಸಲು ಬರುತ್ತದೆ, ನನಗೂ ಅನುಕೂಲ, ನಿನಗೂ ಅನುಕೂಲ ಎಂದರು. ನನಗೆ ಚಿಕ್ಕಪ್ಪ ಕಿಟಕಿ ಮುಚ್ಚಿದ್ದು ಕಣ್ಣ ಮುಂದೆ ಬಂತು. ಯಾರೂ ಇಲ್ಲ ಎಂದೆ. ಇರುವುದು ಅದೊಂದೇ ವಿಳಾಸ, ಬೇಕಾದರೆ ಇಟ್ಟುಕೊಳ್ಳಿ, ಬೇಡವಾದರೆ ಯಾಕೆ ಬೇಡ ಎಂದು ಹೇಳಿ ಕಳಿಸಿ ಎಂದೆ. ಅವರು ಫೈಲ್ ಮುಚ್ಚಿ ಕಾರಕೂನನ ಕೈಗೆ ಕೊಟ್ಟು, ಬರುವ ಸೋಮವಾರದಿಂದ ಬಾ, ನಿಮ್ಮೂರಿನ ದಾವೆಯ ಫೈಲ್ ಮುಟ್ಟಬೇಡ ಎಂದರು.

ಅಲ್ಲಿಂದ ಚಿಕ್ಕವ್ವನ ಮನೆಗೆ ಹೋದೆ. ನಿಮ್ಮನ್ನು ಇಲ್ಲವೆಂದು ಹೇಳಿ ಬಂದೆ ಎಂದೆ. "ಛಲೋ ಮಾಡಿದಿ," ಎಂದಳು. ಹಾಗೆಂದವಳು ಒಲೆಯ ಕಡೆ ತಿರುಗಿ ಚಹಾದ ಪಾತ್ರೆಯನ್ನು ಸುಮ್ಮನೆ ತೊಳೆಯುತ್ತ ನಿಂತಳು. ಪಾತ್ರೆ ಮೊದಲೇ ಶುಭ್ರವಾಗಿತ್ತು.

ಕೆಲಸಕ್ಕೆ ಸೇರಿದೆ. ಸುರಪುರದಲ್ಲೇ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಒಬ್ಬರು ತಮ್ಮ ಮನೆಯ ಹಿಂದಿನ ಕೋಣೆ ಕೊಟ್ಟರು. ದಫ್ತರದಲ್ಲಿ ನನ್ನ ಕುರ್ಚಿ ಬಾಗಿಲ ಬಳಿ. ಕಾಲುವೆ ಫೈಲುಗಳ ಕಪಾಟಿನ ಕೀಲಿ ಕಾರಕೂನನ ಉಡಿದಾರದಲ್ಲಿ. ನಾನು ಆ ಗೋಡೆಯ ಕಡೆ ಹೋದರೆ ಅವನಿಗೂ ಅಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಕಕ್ಷಿದಾರರಿಗೂ ಸ್ಟೀಲಿನ ಲೋಟದಲ್ಲೇ ನೀರು ಕೊಡುತ್ತಾರೆ ಎನ್ನುವುದು ಎರಡು ದಿನದಲ್ಲಿ ಗೊತ್ತಾಯಿತು. ಆದರೂ ನನ್ನ ಮನಸ್ಸು ಸಡಿಲಾಗಲಿಲ್ಲ. ಒಂದು ಅನುಮಾನ ಸುಳ್ಳಾದರೆ ನಾನು ಇನ್ನೊಂದನ್ನು ಹುಡುಕಿಕೊಳ್ಳುತ್ತಿದ್ದೆ. ವಕೀಲರು ಕೆಲಸ ಮಾತ್ರ ಚೆನ್ನಾಗಿ ಕಲಿಸಿದರು. ಅರ್ಜಿಯಲ್ಲಿ ಬೇಡದ ಒಂದು ಪದ ಇದ್ದರೂ ಹಾಳೆಯನ್ನು ಹಿಂದೆ ತಳ್ಳುತ್ತಿದ್ದರು.

ಆ ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ಚಹಾದ ಅಂಗಡಿಗೆ ಹೋಗುವುದನ್ನು ಬಿಟ್ಟಿದ್ದರು. ಅವ್ವನನ್ನು ಕೇಳಿ ತಿಳಿದುಕೊಂಡೆ. ಮಾಸ್ತರರ ಮಗಳು ಮೇಲಿನವರ ವಕೀಲನ ಬಳಿ ಕೂತಿದ್ದಾಳೆ, ನಮ್ಮ ಮಾತೆಲ್ಲ ಅಲ್ಲಿಗೆ ಹೋಗುತ್ತದೆ ಎಂದು ಊರಲ್ಲಿ ಎದ್ದಿತ್ತು. ಮಾಸ್ತರ ಸಹಿ ಹಾಕದಿದ್ದದ್ದು ಇದಕ್ಕೇ ಎಂದು ಕೆಲವರು ಅಂದರಂತೆ. ನಮ್ಮ ಓಣಿಯವರೇ, ನಾನು ಬಂದದ್ದು ಕಂಡು ಮಾತು ನಿಲ್ಲಿಸಿದರು. ಒಂದೇ ವಿಳಾಸದಿಂದ ಅಲ್ಲಿ ನಾನು ಬಾಲದವರ ಬೇಹು, ಇಲ್ಲಿ ಮೇಲಿನವರ ಬೇಹು. ಕೆಲಸ ಬಿಡಲೇ ಎಂದು ಅಪ್ಪನನ್ನು ಕೇಳಿದೆ. ಬಿಟ್ಟರೆ ಹೌದು ಅಂದಂತಾಗುತ್ತದೆ ಎಂದು ಅಪ್ಪ ಮರುದಿನ ಬೆಳಿಗ್ಗೆ ನನ್ನನ್ನೇ ಕರೆದುಕೊಂಡು ಆ ಅಂಗಡಿಗೆ ಹೋಗಿ ಎರಡು ಚಹಾ ಹೇಳಿದರು. ಯಾರೂ ಮಾತಾಡಿಸಲಿಲ್ಲ. ಯಾರೂ ಎದ್ದೂ ಹೋಗಲಿಲ್ಲ.

ಚಳಿಗಾಲದಲ್ಲಿ, ಭತ್ತದ ಹಣಕ್ಕೆ ಹೊಸದಾಗಿ ಜೀಪು ಕೊಂಡ ಮೇಲಿನ ಊರಿನ ದೊಡ್ಡ ರೈತನೊಬ್ಬ ದಫ್ತರಕ್ಕೆ ಬಂದ. ದಾವೆಯಲ್ಲಿ ಆತನೇ ಮುಖ್ಯ ಪ್ರತಿವಾದಿ. ಕೂತವನು ನನ್ನ ಕಡೆ ನೋಡಿ ಯಾವ ಊರು ಎಂದು ಕೇಳಿದ. ವಕೀಲರು ಬರೆಯುತ್ತಿದ್ದ ಪೆನ್ನು ನಿಂತಿತು. ಸುರಪುರ ಎಂದುಬಿಡಬಹುದಿತ್ತು, ಅವರು ಅದನ್ನೇ ಕಾಯುತ್ತಿದ್ದರೇನೋ. ನಾನು ಊರಿನ ಹೆಸರು ಹೇಳಿದೆ. ಓಣಿಯ ಹೆಸರನ್ನೂ ಹೇಳಿದೆ.

ಆತ ವಕೀಲರ ಕಡೆ ತಿರುಗಿ, ಇವರನ್ನು ಒಳಗೆ ಕೂಡಿಸಿಕೊಂಡು ನಮ್ಮ ಕೇಸು ನಡೆಸುತ್ತೀರಾ ಎಂದ. ಇವರು ಎಂದರೆ ಬಾಲದವರೋ, ನಮ್ಮ ಓಣಿಯವರೋ, ಆತ ಬಿಡಿಸಿ ಹೇಳಲಿಲ್ಲ.

"ಅಕಿ ತನ್ನ ವಿಳಾಸ ಬರದುಕೊಟ್ಟಾಳ, ನಾ ಓದೇ ಇಟ್ಟುಕೊಂಡೀನಿ," ಎಂದರು ವಕೀಲರು. "ನಿಮಗ ತಕರಾರು ಇದ್ರ ಕಾಗದ ಒಯ್ರಿ."

ಆತ ಆ ದಿನ ನಕ್ಕು ಮಾತು ಹಾರಿಸಿದ. ಸ್ವಲ್ಪ ದಿನಕ್ಕೆ ಬೇರೆ ವಕೀಲರಿಂದ ಪತ್ರ ತಂದು ಫೈಲ್ ಒಯ್ದ. ಆತನ ಹಿಂದೆ ಇನ್ನೂ ಕೆಲವರು ಹೋದರು. ಕಪಾಟಿನ ಒಂದು ಖಾನೆ ಖಾಲಿಯಾಯಿತು. ವಕೀಲರು ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದಾರೆ, ಇವತ್ತಲ್ಲ ನಾಳೆ ಕಳಿಸುತ್ತಾರೆ ಎಂದು ಕಾದೆ. ಒಂದು ಮಧ್ಯಾಹ್ನ ಕೋರ್ಟಿನಿಂದ ಬರುವಾಗ ದಾರಿಯಲ್ಲಿ ನಿಂತು, ಆ ಫೈಲಿನ ವಿಷಯ ನನ್ನ ಬಾಯಿಂದ ಏನಾದರೂ ಊರಿಗೆ ಹೋಗಿದೆಯೇ ಎಂದು ನೇರವಾಗಿ ಕೇಳಿದರು. ಇಲ್ಲ ಎಂದೆ.

"ನಂಬತೀನಿ," ಎಂದರು. ಎರಡು ಹೆಜ್ಜೆ ನಡೆದು, "ನಂಬತೀನಿ ಅಂದ್ರ ನೋಡೋದು ಬಿಡ್ತೀನಿ ಅಂತಲ್ಲ," ಎಂದರು.

ಆ ಮಾತಿಗೆ ನನಗೆ ನೋವಾಗಲಿಲ್ಲ. ನಾನೂ ಅವರನ್ನು ಹಾಗೇ ನಂಬಿದ್ದೆ. ವಕೀಲಿ ಸನದು ಬಂದ ಮೇಲೂ ಕೆಲವು ವರ್ಷ ಅವರ ಬಳಿಯೇ ಇದ್ದು, ಆಮೇಲೆ ಶಹಾಪುರದಲ್ಲಿ ನನ್ನದೇ ಬೋರ್ಡು ಹಾಕಿದೆ. ನಮ್ಮೂರಿನ ದಾವೆಯಲ್ಲಿ ಸರದಿಯ ಮೇಲೆ ನೀರು ಬಿಡಬೇಕು ಎಂದು ಆದೇಶವಾಯಿತು. ಕೆಲವು ವರ್ಷ ಬಂತು, ಕೆಲವು ವರ್ಷ ಬರಲಿಲ್ಲ. ಅವರು ಮೊದಲ ದಿನ ಗೆರೆ ಎಳೆದದ್ದು ಊರಿಗೋ ಓಣಿಗೋ ಎನ್ನುವುದನ್ನು ನಾನು ಕೇಳಲಿಲ್ಲ, ಅವರು ತೀರಿಕೊಳ್ಳುವ ತನಕವೂ ಹೇಳಲಿಲ್ಲ.

ಸುರಪುರದ ಓಣಿಗೆ ಚಿಕ್ಕವ್ವನ ಸಂಗತಿ ಹೇಗೋ ಗೊತ್ತಾಯಿತು. ಮಗ ಬರುತ್ತಾನೆ ಎಂದು ಹೇಳಿ ಮಾಲಕ ಮನೆ ಬಿಡಿಸಿದ. ಯಾವ ಮಗನೂ ಬರಲಿಲ್ಲ. ಇದು ನನ್ನಿಂದಲೇ ಆಯಿತೆಂದು ಚಿಕ್ಕಪ್ಪ ಬಹಳ ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ನಾನು ಕಾರಕೂನನ ಮೇಲೆ ಸಂಶಯಪಟ್ಟು ಅವನನ್ನು ಕೇಳಿದೆ, ಅವನು ಮಕ್ಕಳ ಮೇಲೆ ಆಣೆ ಇಟ್ಟ. ಕೊನೆಗೆ ಚಿಕ್ಕವ್ವನನ್ನೇ ಕೇಳಿದೆ, ಯಾರು ಹೇಳಿರಬಹುದು ಎಂದು.

"ಯಾರು ಹೇಳಿದ್ರು ಅಂತ ಹುಡಕಬ್ಯಾಡ," ಎಂದಳು. ಸಾಮಾನು ತುಂಬುವ ದಿನ ಎದುರು ಮನೆಯ ಮುದುಕಿ, ಎಲ್ಲ ಗೊತ್ತಾದ ಮೇಲೂ ಬಂದು, ಒಳಗೆ ಹೊಕ್ಕು ಅವಳ ಜೊತೆ ಕೊಡಪಾನ ಎತ್ತಿ ಲಾರಿಗೆ ಕೊಟ್ಟು, ನೀರು ಕೇಳಿ ಕುಡಿದು ಹೋದಳಂತೆ. ಹತ್ತು ವರ್ಷದಲ್ಲಿ ಆ ಮುದುಕಿಯೊಂದಿಗೆ ಬಾಗಿಲಲ್ಲಿ ನಿಂತು ಒಂದು ಮಾತೂ ಆಡಿರಲಿಲ್ಲವಲ್ಲ ಎಂದು ಚಿಕ್ಕವ್ವನಿಗೆ ಕೊರಗಿತ್ತು. ಹೊಸ ಮನೆಗೆ ಹೋದ ಮೇಲೆ ಅವಳು ಆಗಾಗ ಹಳೆಯ ಓಣಿಗೆ ಹೋಗಿ, ಆ ಮುದುಕಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಬರುತ್ತಿದ್ದಳು.